ಗಡಂಗಿನ ಮದ್ದು, ಬಿಜಾಪುರದ ಡಾಕ್ಟರು

"ದಿನಾ ಏನರ ಮದ್ದು ತಗೋತೀರೇನ್ರಿ?" ಡಾಕ್ಟರು ಕೇಳಿದರು.

"ಉಂಟು ಡಾಕ್ಟ್ರೆ. ದಿನಾ ಸಂಜೆ," ಎಂದರು ನನ್ನ ಭಾವ.

"ಎಷ್ಟು ತಗೋತೀರಿ?"

"ಅರ್ಧ ಕುಪ್ಪಿ. ಸಂತೆ ದಿನ ಸ್ವಲ್ಪ ಜಾಸ್ತಿ ಆಗ್ತದೆ."

ಡಾಕ್ಟರ ಪೆನ್ನು ನಿಂತಿತು. ದಿನಕ್ಕೆ ಅರ್ಧ ಬಾಟಲಿ ಔಷಧವೇ? "ಇದನ್ನ ಯಾವ ಡಾಕ್ಟ್ರು ಬರಕೊಟ್ರು?"

"ಅದಕ್ಕೆ ಡಾಕ್ಟ್ರು ಎಂತಕೆ? ಗಡಂಗಿನಲ್ಲಿ ಯಾರು ಹೋದರೂ ಕೊಡ್ತಾರೆ!"

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಿಷಯ ಇಷ್ಟೇ. ಡಾಕ್ಟರು ಬಿಜಾಪುರದ ಕಡೆಯವರು. ನಮ್ಮ ದಕ್ಷಿಣ ಕನ್ನಡದ ಕಡಬಕ್ಕೆ ಬಂದು ಇಲ್ಲಿಯ ಒಂದು ಮಳೆಗಾಲವನ್ನೂ ಕಂಡಿಲ್ಲ. ನಮ್ಮವರಿಗೆ ಅರ್ಥವಾಗಲಿ ಎಂದು 'ಔಷಧ' ಬಿಟ್ಟು 'ಮದ್ದು' ಎನ್ನಲು ಕಲಿತಿದ್ದಾರೆ. ಪಾಪ, ಅರ್ಧ ಕಲಿತಿದ್ದಾರೆ! ನಮ್ಮಲ್ಲಿ ಜ್ವರಕ್ಕೆ ಕುಡಿಯುವುದೂ ಮದ್ದು, ಅಡಿಕೆ ಮರಕ್ಕೆ ಬಿಡುವುದೂ ಮದ್ದು, ಕೋವಿಗೆ ತುಂಬಿಸುವುದೂ ಮದ್ದು. ಹೊತ್ತು ಮುಳುಗುವಾಗ ಗಂಡಸರು "ಸ್ವಲ್ಪ ಮದ್ದು ತಗೊಂಡು ಬರ್ತೇನೆ" ಎಂದು ಶಾಲು ಹೆಗಲಿಗೆ ಹಾಕಿದರೆ ಅದು ಗಡಂಗಿನ, ಅಂದರೆ ಸಾರಾಯಿ ಅಂಗಡಿಯ, ಮದ್ದು. (ಇಷ್ಟು ಮರ್ಯಾದೆಯ ಹೆಸರಿಟ್ಟವರು ಯಾರೋ, ಅವರಿಗೊಂದು ಹಾರ ಹಾಕಬೇಕು.)

ಭಾವನಿಗೆ ಮಾತ್ರ ಡಾಕ್ಟರ ಮೇಲೆ ಗೌರವ ಬಂದುಬಿಟ್ಟಿತ್ತು. ಆಹಾ, ಹೊಸಬರಾದರೂ ನಮ್ಮ ಮಾತು ಗೊತ್ತುಂಟು! ಹಾಗಾಗಿ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಭಾವ ಅಂದರೆ ನನ್ನ ಅಕ್ಕನ ಗಂಡ, ಬಾಲಣ್ಣ. ಪಂಜದಿಂದ ಕಡಬಕ್ಕೆ ಟ್ರಿಪ್ ಜೀಪು ಓಡಿಸುತ್ತಾರೆ. ಅದರಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂದು ಕೇಳಬೇಡಿ. ಜೋತಾಡಲು ಒಂದು ಕೈಗೆ ಜಾಗವಿರುವವರೆಗೆ ಹಿಡಿಯುತ್ತಾರೆ. ಬಾಲಣ್ಣ ಮನುಷ್ಯ ಬಂಗಾರ. ಆದರೆ ಕಳೆದ ವರ್ಷ ಒಂದು ಸಂಜೆ ತಿರುವಿನಲ್ಲಿ ಜೀಪು ಚರಂಡಿಗಿಳಿಯಿತು. ಯಾರಿಗೂ ಏನೂ ಆಗಲಿಲ್ಲ. ಎದುರು ಸೀಟಿನಲ್ಲಿದ್ದವಳು ಅವರ ಮಗಳು ವಿಮಲ. ಅಪ್ಪನ ಕಣ್ಣು ಮುಚ್ಚಿಹೋದದ್ದನ್ನು ಅವಳು ನೋಡಿದ್ದಳು.

ಮರುದಿನದಿಂದ ವಿಮಲ ಶಾಲೆಗೆ ನಡೆದೇ ಹೋಗಲು ಶುರುಮಾಡಿದಳು. ಅತ್ತಿಲ್ಲ, ಜಗಳವಾಡಿಲ್ಲ. ದಿನಾ ಬೆಳಿಗ್ಗೆ ಅಪ್ಪನ ಜೀಪು ಅವಳನ್ನು ದಾಟಿ ಹೋಗುತ್ತದೆ. ಅಪ್ಪ ಹಾರ್ನ್ ಹೊಡೆಯುತ್ತಾರೆ. ಅವಳು ತಿರುಗಿ ನೋಡುವುದಿಲ್ಲ. ಇದನ್ನು ನನಗೆ ಹೇಳಿದ್ದು ಅಕ್ಕ.

ಏನೇನು ಮಾಡಲಿಲ್ಲ ಹೇಳಿ? ಅಕ್ಕ ಅತ್ತಳು. ನಾನು ಬೈದೆ. (ನನ್ನ ನಾಲಿಗೆ ನಿಮಗೆ ಗೊತ್ತೇ ಇದೆ. ಪುತ್ತೂರಿನ ಮಹಿಳಾ ಮಂಡಲದಲ್ಲಿ ಮದ್ಯಪಾನದ ಮೇಲೆ ಮುಕ್ಕಾಲು ಗಂಟೆ ನೀರು ಕುಡಿಯದೆ ಮಾತನಾಡುವವಳು ನಾನು.) ಕೊನೆಗೆ ದೈವದ ಎದುರು ನಿಲ್ಲಿಸಿ ಪ್ರಾರ್ಥನೆ ಮಾಡಿಸಿದೆವು. ಅಲ್ಲಿ ನಮ್ಮದೇ ಬುದ್ಧಿವಂತಿಕೆ ನೋಡಿ: ಕುಡಿತ ಬಿಡಿಸಿದರೆ ಕಳ್ಳು ಇಡುತ್ತೇವೆ ಎಂದು ಹರಕೆ! ಭಾವ ಒಂದು ತಿಂಗಳು ಮುಟ್ಟಲಿಲ್ಲ. ಸಂತೋಷದಿಂದ ಹರಕೆ ಸಲ್ಲಿಸಿದೆವು. "ಪ್ರಸಾದ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ ಮಾರಾಯ್ತಿ?" ಎಂದರು ಭಾವ. ಅಲ್ಲಿಗೆ ಮುಗಿಯಿತು.

ಈಗ ಕಡಬಕ್ಕೆ ಬಂದದ್ದು ಕುಡಿತಕ್ಕಲ್ಲ. ರೇಡಿಯೇಟರಿನ ಮುಚ್ಚಳ ತೆಗೆಯುವಾಗ ಬಿಸಿನೀರು ಹಾರಿ ಭಾವನ ಕೈ ಸುಟ್ಟಿತ್ತು. "ನೀನೊಮ್ಮೆ ಒಟ್ಟಿಗೆ ಹೋಗು. ಇಲ್ಲದಿದ್ದರೆ ದಾರಿಯಲ್ಲೇ ಬೇರೆ ಮದ್ದು ಮಾಡಿಸಿಕೊಂಡು ಬರ್ತಾರೆ," ಎಂದು ಅಕ್ಕ ನನ್ನನ್ನು ಕಾವಲಿಗೆ ಕಳಿಸಿದ್ದಳು.

ಗಡಂಗು ಎಂದರೇನೆಂದು ಬಾಗಿಲಲ್ಲಿದ್ದ ಕಾಂಪೌಂಡರು ನಗು ತಡೆದುಕೊಂಡು ವಿವರಿಸಿದರು. ಈಗ ಡಾಕ್ಟರು ಶುರುಮಾಡುತ್ತಾರೆ ಎಂದು ನಾನು ಸೆರಗು ಸರಿಮಾಡಿ ಕೂತೆ. ಲಿವರು, ಮಾನ, ಮಕ್ಕಳ ಭವಿಷ್ಯ... ಆ ಭಾಷಣ ನನಗೆ ಬಾಯಿಪಾಠ.

ಡಾಕ್ಟರು ನಗಲಿಲ್ಲ. ಬೈಯಲೂ ಇಲ್ಲ. ಪೆನ್ನು ಕೆಳಗಿಟ್ಟರು.

"ಅದನ್ನ ತಗೊಂಡ್ರ ಚಲೋ ಏನಾಗ್ತೈತ್ರಿ?"

ಚಲೋ? ನನಗೆ ಸಿಟ್ಟು ನೆತ್ತಿಗೇರಿತು. ಇದೆಂಥ ಡಾಕ್ಟರು! ಭಾವನೂ ಗಾಬರಿ. ಅವರನ್ನು ಜನ್ಮದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

"ಸೊಂಟನೋವು ಗೊತ್ತಾಗುದಿಲ್ಲ ಡಾಕ್ಟ್ರೆ. ಮತ್ತೆ... ನಿದ್ರೆ ಬರ್ತದೆ."

"ಖರೆ. ಮತ್ತ, ಚಲೋ ಅಲ್ಲದ್ದು?"

ಭಾವ ಸುಮ್ಮನಾದರು. ಆ ಖಾಲಿ ಜಾಗಕ್ಕೆ ಹಾರಲು ನನ್ನ ಬಾಯಿ ತೆರೆದೇ ಇತ್ತು. ಡಾಕ್ಟರು ನನ್ನ ಕಡೆ ನೋಡದೆಯೇ ಕೈ ಎತ್ತಿ ತಡೆದರು. ಹೊರಗೆ ಯಾರೋ ಕೆಮ್ಮಿದರು. ಡಾಕ್ಟರು ಕಾದರು. ಅಷ್ಟು ಜನ ಕ್ಯೂನಲ್ಲಿದ್ದಾರೆ, ಆ ಮನುಷ್ಯ ಕಾಯುತ್ತಾ ಕೂತಿದ್ದಾರೆ!

"ಮಗಳು ನನ್ನ ಜೀಪಿಗೆ ಹತ್ತುದಿಲ್ಲ," ಎಂದರು ಭಾವ.

ಅವರಿಗೆ ಅದು ತಾಗಿಯೇ ಇಲ್ಲ ಎಂದುಕೊಂಡಿದ್ದೆವು ನಾವು.

"ಹಂಗಾರ ಏನ್ ಮಾಡೂಣಂತೀರಿ?"

ನೋಡಿ, ಮತ್ತೆ ಪ್ರಶ್ನೆಯೇ. ಭಾವ ಸುಟ್ಟ ಕೈಯನ್ನೇ ನೋಡುತ್ತಾ ಹೇಳಿದರು: "ಜೀಪು ಶೆಡ್ಡಿಗೆ ಹಾಕುವವರೆಗೆ ಮುಟ್ಟುದಿಲ್ಲ. ಮತ್ತೆ ಕಮ್ಮಿ ಮಾಡ್ತಾ ಬರ್ತೇನೆ."

ಡಾಕ್ಟರು ಆಣೆ ಹಾಕಿಸಲಿಲ್ಲ. "ಚಲೋ ಆತು. ಕೈ ನಡುಗಿತು, ಬೆವರು ಬಂತು ಅಂದ್ರ ಮನ್ಯಾಗ ಕೂಡಬ್ಯಾಡ್ರಿ, ಸೀದಾ ಇಲ್ಲಿ ಬರ್ರಿ. ಪಟ್ಟಿ ಬದಲಿಸಾಕ ಹೆಂಗೂ ಬರೋ ವಾರ ಬರ್ತೀರಲ್ಲ, ಅವಾಗ ಏನಾತು ಹೇಳ್ರಿ." ಇಷ್ಟೇ. ಎಲ್ಲ ಸೇರಿ ಒಂದು ಚಾ ಕುಡಿಯುವಷ್ಟು ಹೊತ್ತು. ನಾನು ಬೆರಗಾಗಿ ಎದ್ದು ನಿಲ್ಲುವುದನ್ನೇ ಮರೆತೆ.

ಹೊರಗೆ ಭಾವನ ಕೈಗೆ ಪಟ್ಟಿ ಕಟ್ಟುವಾಗ ಒಬ್ಬ ಅಜ್ಜ ಒಳಗೆ ಹೋದರು. ಹೊಟ್ಟೆ ಸರಿಯಾಗಿ ಹೋಗುವುದಿಲ್ಲವಂತೆ. "ಸೊಪ್ಪು ತಿಂತೀರೇನಜ್ಜ?" ಎಂದು ಕೇಳಿತು ಡಾಕ್ಟರ ಸ್ವರ.

"ತಿನ್ನುದಿಲ್ಲ ಡಾಕ್ಟ್ರೆ. ಸೇದುದು."

ಭಂಗಿ ಸೊಪ್ಪು, ಅಂದರೆ ಗಾಂಜಾ! ಕಾಂಪೌಂಡರ ಕೈಯಿಂದ ಹತ್ತಿ ಜಾರಿ ಬಿತ್ತು. ಕ್ಯೂ ಇಡೀ ನಕ್ಕಿತು. ಒಳಗೆ ಮಾತ್ರ ಯಾರೂ ನಗಲಿಲ್ಲ. "ಸೇದಿದ್ರ ಚಲೋ ಏನಾಗ್ತೈತಿ ಅಜ್ಜ?" ಎಂದದ್ದು ಕೇಳಿಸಿತು. ಆಮೇಲೆ ಅದೇ ಮೌನ. ಈ ಸಲ ನಾನೂ ಉಸಿರು ಹಿಡಿದು ಕಾದೆ.

ಹಾಗಾದರೆ ಭಾವ ಕುಡಿತ ಬಿಟ್ಟರೇ? ಇಲ್ಲ ಮಾರಾಯ್ರೆ. ಸುಳ್ಳು ಯಾಕೆ ಬರೆಯಲಿ? "ಪೂರಾ ಬಿಟ್ಟಿದ್ದಾರೆ ಅಂತ ಹೇಳ್ಲಿಕ್ಕಾಗುದಿಲ್ಲ. ಆದರೆ ಜೀಪು ಶೆಡ್ಡಿಗೆ ಬಾರದೆ ಮುಟ್ಟುದಿಲ್ಲ. ಕೆಲವು ದಿನ ಮುಟ್ಟುದೇ ಇಲ್ಲ," ಎಂದಳು ಅಕ್ಕ.

ಮೊನ್ನೆ ನಾನು ಪಂಜದಲ್ಲಿದ್ದೆ. ಬೆಳಿಗ್ಗೆ ಪುತ್ತೂರಿಗೆ ಹೊರಟು ಭಾವನ ಜೀಪಿನ ಹಿಂದಿನ ಸೀಟಿನಲ್ಲಿ ಕೋಳಿಬುಟ್ಟಿಯೊಂದರ ಪಕ್ಕ ಕೂತಿದ್ದೆ. ದಾರಿಯಲ್ಲಿ ವಿಮಲ ನಡೆಯುತ್ತಿದ್ದಳು. ಭಾವ ಹಾರ್ನ್ ಹೊಡೆಯಲಿಲ್ಲ. ಅವಳ ಪಕ್ಕ ತಂದು ನಿಲ್ಲಿಸಿದರು.

ಅವಳು ಹತ್ತಿರ ಬಂದಳು. "ಅಪ್ಪಾ, ಮದ್ದು ತಗೊಂಡಿದ್ದೀರಾ?"

ಇಲ್ಲ ಎಂದುಬಿಡಬಹುದಿತ್ತು. ಬೆಳಗಿನ ಹೊತ್ತು, ವಾಸನೆಯೂ ಇಲ್ಲ.

"ನಿನ್ನೆ ರಾತ್ರಿ ಮನೆಗೆ ಬಂದ ಮೇಲೆ ಸ್ವಲ್ಪ. ಈಗ ಇಲ್ಲ ಮಗಾ."

ವಿಮಲ ಅಲ್ಲೇ ನಿಂತಳು. ಹಿಂದೆ ಜೋತಾಡುತ್ತಿದ್ದವರು ಬೊಬ್ಬೆ ಹಾಕಿದರು, "ಬೇಗ ಬೇಗ, ಕಡಬದಲ್ಲಿ ಬಸ್ಸು ತಪ್ತದೆ!"

"ಸ್ವಲ್ಪ ತಡೀರಿ ಮಾರಾಯ್ರೆ," ಎಂದರು ಭಾವ. ಎಂಜಿನ್ ಆಫ್ ಮಾಡಿದರು. "ಅವಳು ಯೋಚನೆ ಮಾಡ್ತಾ ಇದ್ದಾಳೆ."

ಜೀಪಿಗೆ ಜೀಪೇ ಕಾಯಿತು. ವಿಮಲ ಚೀಲವನ್ನು ಎದುರು ಸೀಟಿಗೆ ಎಸೆದಳು, ಹತ್ತಿ ಕೂತಳು.

ನನ್ನ ಬಸ್ಸು ತಪ್ಪಿತು, ತಪ್ಪಲಿ. "ಯಾಕೆ ಕುಡೀತೀರಿ?" ಎಂದು ನಾವು ಮನೆಯವರನ್ನು ಸಾವಿರ ಸಲ ಕೇಳಿದ್ದೇವೆ, ಉತ್ತರ ಬರುವವರೆಗೆ ಕಾದದ್ದು ಎಷ್ಟು ಸಲ?