ಕೊಳವೆಯೊಳಗೆ ಕೋದಂಡಪ್ಪ

ಕೆಜಿಎಫ್ ಗಣಿಯಲ್ಲಿ ಕೋದಂಡಪ್ಪನಷ್ಟು ಆಳಕ್ಕೆ ಇಳಿದವರು ಯಾರೂ ಇಲ್ಲ. ಕಾಮಸಮುದ್ರದ ಬಸ್‌ಸ್ಟ್ಯಾಂಡಿನಲ್ಲಿ ಸ್ವತಃ ಅವನೇ ಹೀಗೆ ಹೇಳುತ್ತಿದ್ದ, ಆದ್ದರಿಂದ ನಂಬಲೇಬೇಕು. ಅಲ್ಲಿ ಬಂಡೆಗೆ ಕಿವಿಯಿಟ್ಟರೆ ಅಮೆರಿಕದವರು ಮಂಚದಲ್ಲಿ ಹೊರಳುವ ಸದ್ದು ಕೇಳುತ್ತಿತ್ತಂತೆ. "ಭಯ ಅಂಬೋದು ನನ್ನ ಕಂಡ್ರೆ ಟವಲ್ಲು ಕಂಕುಳಾಗಿಟ್ಕೊಂಡು ನಿಂತ್ಕೊಂತದೆ" ಎನ್ನುತ್ತಿದ್ದ.

ಅಂಥವನನ್ನು ಬಂಗಾರಪೇಟೆಯ ಸ್ಕ್ಯಾನಿಂಗ್ ಸೆಂಟರಿನ ಬಿಳಿ ಕೊಳವೆಯೊಂದು ಸೋಲಿಸಿತು. ಚಪ್ಪಲಿ ಕಳಚಿ ಬಿದ್ದರೂ ಅವನ ಕಾಲಿಗೆ ಗೊತ್ತಾಗುತ್ತಿರಲಿಲ್ಲ. ಬೆನ್ನುಮೂಳೆಯೊಳಗೆ ಏನೋ ನರವನ್ನು ಅದುಮುತ್ತಿದೆ, ಎಂಆರ್‌ಐ ತೆಗೆಸದೆ ಆಪರೇಷನ್ ಇಲ್ಲ, ತಡವಾದರೆ ಕಾಲು ಮತ್ತೆ ಬರುವುದಿಲ್ಲ ಎಂದಿದ್ದರು ಡಾಕ್ಟರು. ಮೊದಲ ಸಲ ತಲೆ ಒಳಗೆ ಹೋಗುತ್ತಲೇ ಅವನು ಹಾಕಿದ ಕೂಗಿಗೆ ಸ್ಟೇಷನ್ನಿನಲ್ಲಿದ್ದ ರೈಲು ಸಿಗ್ನಲ್ ಕಾಯದೆ ಹೊರಟುಬಿಟ್ಟಿತು. ತೂರಾಡುತ್ತ ಬೀದಿಗೇ ಓಡಿದ್ದ. ಮದ್ದು ಕೊಟ್ಟು ಮತ್ತು ಬರಿಸೋಣವೆಂದರೆ ಎದೆ ತುಂಬ ಗಣಿಯ ಧೂಳು. ಆ ಉಸಿರಿಗೆ ಮತ್ತಿನ ಮದ್ದು ಕೊಡಲು ಯಾರೂ ಒಪ್ಪಲಿಲ್ಲ.

ಎರಡನೆಯ ಸಲ ಬಂದದ್ದು ವೀಲ್‌ಚೇರಿನಲ್ಲಿ. ತಳ್ಳಿಕೊಂಡು ಬಂದವಳು ಹೆಂಡತಿ ಮುನಿಗಂಗಮ್ಮ. ಟೆಕ್ನಿಷಿಯನ್ ಸುಮಿತಾಳ ಬಳಿ ಒಂದು ವಿಆರ್ ಕನ್ನಡಕವಿತ್ತು. ಕಣ್ಣಿಗೆ ಕಟ್ಟಿದರೆ ಬೇರೆಯದೇ ಲೋಕ, ಕಿವಿಗೆ ಯಂತ್ರದ ಸದ್ದು. ಹೊರಗೆ ಮಲಗಿ ಅಭ್ಯಾಸ ಮಾಡಿ, ಆಮೇಲೆ ಕಣ್ಣು ಮುಚ್ಚಿ ಅದನ್ನೇ ನೆನೆಯುತ್ತ ಕೊಳವೆಗೆ ಹೋಗುವುದು. ಅವಳು ಸಮುದ್ರದ ಅಡಿಯ ನೀಲಿ ನೀರು ತೋರಿಸಿ ಬಣ್ಣದ ಮೀನು ಬಿಟ್ಟಳು.

"ಗಂಗೀ! ಶಾಫ್ಟಿಗೆ ನೀರು ನುಗ್ತು ಕಣೇ! ಕೇಜು ಎಳೀರೋ!"

ಮುಚ್ಚಿದ ಗಣಿಯ ಸುರಂಗಗಳಲ್ಲೆಲ್ಲ ಈಗ ನೀರು ತುಂಬಿರುವುದನ್ನು, ಪಾಪ, ಆ ಸಮುದ್ರ ಮಾಡಿದವರು ಬಲ್ಲರೆ? ಕನ್ನಡಕ ಕಿತ್ತೆಸೆದು ಕೋದಂಡಪ್ಪ ಮಗುವಿನಂತೆ ಅತ್ತ. ಮುನಿಗಂಗಮ್ಮ ಅಲ್ಲೇ ಕುಸಿದಳು.

"ಯಾಕಯ್ಯಾ ಇಂಗ್ ಮಾಡ್ತೀಯ? ನಿನ್ನ ಎತ್ಕೊಂಡು ತಿರುಗೋಕೆ ನನ್ನ ಸೊಂಟ ಏನು ಉಕ್ಕಿಂದಾ?"

"ಬಿಟ್ಬುಡು ಗಂಗೀ. ಕಾಲು ಓದ್ರೆ ಓಗ್ಲಿ."

"ಮೆತ್ಗೆ ಮಾತಾಡು, ನಿನ್ ಕಾಲೂ ಕೇಳಿಸ್ಕೊಂತಾ ಐತೆ!"

ಸುಮಿತಾ ಹತ್ತಿರ ಕೂತಳು. "ತಾತಾ, ಗಣೀಲಿ ನಿಮಗೆ ಯಾವುದು ಇಷ್ಟ ಆಗ್ತಿತ್ತು?"

"ಕೇಜಿನಾಗೆ ನಿಂತ್ಕೊಂಡು ಮೇಲಕ್ಕೆ ಬರೋದು ತಾಯಿ. ಇನ್ನೇನೈತೆ?"

ಅವಳು ಹುಡುಕಿ ಹುಡುಕಿ ಆಕಾಶಕ್ಕೇರುವ ಬಲೂನಿನ ನೋಟ ಹಾಕಿದಳು. ಕೋದಂಡಪ್ಪ ಹೆಂಡತಿಯ ಕೈ ಹಿಂಡಿದ ರಭಸಕ್ಕೆ ಬಳೆ ಒಡೆಯಿತು, ಕೂಗು ಮಾತ್ರ ಬರಲಿಲ್ಲ. ಅದೇ ಉಸಿರಿನಲ್ಲಿ ಕನ್ನಡಕ ಬಿಚ್ಚಿ ಕೊಳವೆಗೆ ಕಳಿಸಿದರು.

ಯಂತ್ರ ಢಕಢಕ ಗುದ್ದತೊಡಗಿತು. ಕೇಜು ಮೇಲಕ್ಕೆ, ಕೇಜು ಮೇಲಕ್ಕೆ ಎಂದುಕೊಂಡ. ಬಲೂನು ಎಲ್ಲಿ ಹೋಯಿತೋ. ಗಣಿ ಕುಸಿದು ಸತ್ತ ಗೆಳೆಯರು ಬಂಡೆಯಾಚೆಯಿಂದ ಬಡಿಯುತ್ತಿರುವಂತೆ ಕೇಳಿತು. ಹಾಗೆ ಬಂಡೆ ಬಡಿದವರಿಗೆ ತಿರುಗಿ ಬಡಿದು ಓಗೊಡಬೇಕು, ಗಣಿಯ ಧರ್ಮ ಅದು. ಕೈ ಏಳಲು ಹೊರಟಿತು. ಅಲುಗಾಡಿದರೆ ಚಿತ್ರ ಕೆಡುತ್ತದೆಂದು ಹಲ್ಲು ಕಚ್ಚಿ ತಡೆದ. ಉತ್ತರ ಕೊಡಲಾಗದ ಸಂಕಟಕ್ಕೆ ಕಣ್ಣೀರು ಕಿವಿಗಿಳಿಯಿತು.

ಹೊರಗೆಳೆದಾಗ ಅಂಗಿ ತೊಯ್ದು ತೊಪ್ಪೆಯಾಗಿತ್ತು.

"ಚೆನ್ನಾಗಿ ಬಂದಿದೆ ತಾತಾ! ಎಷ್ಟು ಸುಮ್ನೆ ಮಲಗಿದ್ರಿ! ಭಯವೇ ಆಗ್ಲಿಲ್ಲ, ಅಲ್ವಾ?" ಎಂದಳು ಸುಮಿತಾ.

"ಆಯ್ತು ತಾಯಿ, ಸಾಯೋವಷ್ಟು ಆಯ್ತು. ಎದ್ದು ಓಡಾನಾ ಅಂದ್ರೆ ಕಾಲೇ ಬರ್ಲಿಲ್ಲ."