ನಕ್ಷೆಯಲ್ಲಿ ಪಾಳಾದ ರಾಗಿ ಹೊಲ

ನಮ್ಮ ಮೇಡಂ ಅವರ ಬಲಗೈ ತೋರುಬೆರಳು ಮೊದಲ ಗಿಣ್ಣಿನಿಂದಾಚೆಗೆ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಅವರ ಮನೆಯ ಕೊಬ್ಬರಿ ಅಟ್ಟದ ಬಾಗಿಲಿಗೆ ಸಿಕ್ಕಿತ್ತಂತೆ. ಅದೇ ಬೆರಳನ್ನು ಉಪಗ್ರಹದ ಚಿತ್ರದ ಮೇಲಿಟ್ಟು ಅವರು "ಇದು ನಿಮ್ಮ ತೋಟ" ಎಂದರೆ ತುದಿ ಪಕ್ಕದವರ ತೋಟದ ಮೇಲಿರುತ್ತಿತ್ತು. "ನಂದಲ್ಲ ಕಣವ್ವಾ, ಅದು ನಮ್ಮ ದಾಯಾದೀದು" ಎಂದು ರೈತರು ರೇಗುತ್ತಿದ್ದರು. ಮೇಡಂ ನಗುತ್ತಾ ಪೆನ್ನು ಹುಡುಕುತ್ತಿದ್ದರು.

ನಾನು ಬಸ್ತಿಹಳ್ಳಿಯವಳು. ಡಿಪ್ಲೊಮಾ ಮುಗಿಸಿ ಅರಸೀಕೆರೆಯಲ್ಲಿ ಕೆರೆ-ಹಳ್ಳಗಳ ಯೋಜನೆಯೊಂದರ ಕಚೇರಿಗೆ ತಾತ್ಕಾಲಿಕ ಕೆಲಸಕ್ಕೆ ಸೇರಿದಾಗ ಅಲ್ಲಿ ನಕ್ಷೆಯ ವಿಭಾಗ ಅವರದಾಗಿತ್ತು. ನಮ್ಮ ದೇಶದವರೇ ಹಾರಿಸಿದ ಉಪಗ್ರಹಗಳು ಕಳಿಸಿದ ಚಿತ್ರ ನೋಡಿ, ಎಲ್ಲಿ ತೋಟ, ಎಲ್ಲಿ ಹೊಲ, ಎಲ್ಲಿ ಪಾಳುಭೂಮಿ ಎಂದು ಗುರುತು ಮಾಡುವುದು ಅವರ ಕೆಲಸ. ಆ ಜಾಗಗಳಿಗೆ ಹೋಗಿ, ಕಣ್ಣಾರೆ ಕಂಡು, ಪಟ್ಟಿಯಲ್ಲಿ 'ನೋಡಿದೆ' ಎಂದು ಟಿಕ್ ಹಾಕಿ ತರುವುದು ನನ್ನ ಕೆಲಸ.

ಆ ಚಿತ್ರಗಳಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ. ಬಾಣಾವರದ ಕಡೆಯ ಒಬ್ಬ ಯಜಮಾನರು ತಮ್ಮ ತೆಂಗಿನ ತೋಟ ಕೆಂಪಗಿರುವುದನ್ನು ಕಂಡು, "ಇದೇನವ್ವಾ, ಬೆಂಕಿ ಬಿದ್ದೈತಾ?" ಎಂದು ಗಾಬರಿಯಿಂದ ಎದ್ದೇ ಬಿಟ್ಟಿದ್ದರು. ಮೇಡಂ ಅವರನ್ನು ಕೂರಿಸಿ, ನೀರು ಕೊಟ್ಟು, "ಇಲ್ಲ ಯಜಮಾನ್ರೇ, ಎಷ್ಟು ಕೆಂಪೋ ಅಷ್ಟು ಚೆನ್ನಾಗಿದೆ ಅಂತ ಅರ್ಥ" ಎಂದರು. ಯಜಮಾನರು ಹೊರಡುವಾಗ ಪಕ್ಕದ ತೋಟ ತಮ್ಮದಕ್ಕಿಂತ ಕೆಂಪಗಿದೆಯೇ ಎಂದು ಮತ್ತೊಮ್ಮೆ ಬಗ್ಗಿ ನೋಡಿಕೊಂಡು ಹೋದರು.

ಉಪಗ್ರಹ ಹಾರುವ ದಿನ ಮೇಡಂ ಕಚೇರಿಗೆ ಕೊಬ್ಬರಿ ಮಿಠಾಯಿ ತರುತ್ತಿದ್ದರು. ಒಂದು ಸಲ ರಾಕೆಟ್ಟು ದಾರಿ ತಪ್ಪಿ ಉಪಗ್ರಹ ಹಾಳಾಯಿತು. ಡಬ್ಬಿ ಹಾಗೇ ವಾಪಸು ಹೋಗುತ್ತದೆ ಅಂದುಕೊಂಡಿದ್ದೆವು. ಆದರೂ ಹಂಚಿದರು. "ಅದನ್ನ ಮಾಡಿದೋರಿಗೆ ಇವತ್ತು ಊಟ ಸೇರಿರಲ್ಲ ಕಣೇ. ಆದ್ರೆ ನೋಡ್ತಿರು, ಎಲ್ಲಿ ತಪ್ಪಾಯ್ತು ಅಂತ ಅವರೇ ಹುಡುಕಿ ಹೇಳ್ತಾರೆ" ಎಂದರು. ಆಮೇಲೆ ಆ ತಪ್ಪನ್ನು ಹುಡುಕಿದ ವರದಿಯ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಉಪಗ್ರಹ ಯಶಸ್ವಿಯಾದ ಸುದ್ದಿ ಒಂದನ್ನೂ ಹಾಗೆ ಇಟ್ಟುಕೊಂಡದ್ದು ನಾನು ಕಾಣೆ.

ನನ್ನ ತಪ್ಪು ನಡೆದದ್ದು ಆ ವರ್ಷದ ಬೇಸಿಗೆಯಲ್ಲಿ. ಹಗರೆಯಿಂದಾಚೆಗಿನ ಒಂದು ಹಳ್ಳಿಯಲ್ಲಿ, ಚಿತ್ರದಲ್ಲಿ ಪಾಳಿನಂತೆ ಕಂಡ ಏಳು ಜಾಗ ನೋಡಬೇಕಿತ್ತು. ಪಾಳೆಂದು ಖಚಿತವಾದ ಕಡೆ ಯೋಜನೆಯವರು ಸಸಿ ನೆಡುತ್ತಿದ್ದರು. ಮಾರನೆಯ ದಿನ ಅಕ್ಕನ ಮಗಳ ನಾಮಕರಣ. ಹಗರೆಯಲ್ಲಿ ಬಸ್ಸಿಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಕಬ್ಬಿನ ಹಾಲು ಕುಡಿಯುತ್ತಾ ಕೂತವಳಿಗೆ ಏಳುವ ಮನಸ್ಸಾಗಲಿಲ್ಲ. ಏಳೂ ಜಾಗಕ್ಕೆ ಟಿಕ್ ಹಾಕಿ, ಸಿಕ್ಕಿದ ಬಸ್ಸು ಹತ್ತಿ ಬಂದು, ಆ ಸಂಜೆಯೇ ಕಚೇರಿಯಲ್ಲಿ ಪಟ್ಟಿ ಕೊಟ್ಟುಬಿಟ್ಟೆ. ನನ್ನ ಪಟ್ಟಿ ನಂಬಿ ಮೇಡಂ ನಕ್ಷೆಗೆ ರುಜು ಹಾಕಿದರು.

ಎರಡು ತಿಂಗಳ ಮೇಲೆ ಒಬ್ಬ ಅಜ್ಜಿ, ಕಿತ್ತ ಹೊಂಗೆ ಸಸಿಯೊಂದನ್ನು ಕೈಯಲ್ಲಿ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತರು.

"ಯಾರವ್ವ ಇಲ್ಲಿ ಆಕಾಸದಿಂದ ನೋಡೋರು?"

ಮೇಡಂ ಎದ್ದು ನಿಂತರು.

"ನನ್ನ ರಾಗಿ ಹೊಲ್ದಾಗೆ ಗುಂಡಿ ತೋಡಿ ಸಸಿ ನೆಟ್ಟವ್ರೆ. ಕೇಳಿದ್ರೆ ಅದು ಪಾಳು ಅಂತೆ, ನಕ್ಸೇಲಿ ಹಂಗೇ ಐತಂತೆ. ನನ್ನ ಗಂಡ ಸತ್ತ ಮ್ಯಾಲೆ ನಾನೇ ಉತ್ತು ಬಿತ್ತಿರೋ ಹೊಲ ಕಣವ್ವಾ. ನಿಮ್ಮ ಕ್ಯಾಮ್ರಾಕ್ಕೆ ಅದು ಕಾಣ್ನಿಲ್ವಾ?"

ಮೇಡಂ ಪಟ್ಟಿ ತೆಗೆದು ನೋಡಿದರು, ನನ್ನ ಟಿಕ್ ನೋಡಿದರು, ನನ್ನ ಮುಖ ನೋಡಲಿಲ್ಲ. ಅಜ್ಜಿಯ ಜೊತೆ ಆಗಲೇ ಬಸ್ಸು ಹತ್ತಿದರು. ಬಿತ್ತನೆಯ ಕಾಲ ಮೀರುತ್ತಿತ್ತು. ಮಾರನೆಯ ದಿನ ಕಾಗದಪತ್ರ ಹಿಡಿದು ಮೂರು ಮೇಜು ಅಲೆದು, ಗುಂಡಿ ಮುಚ್ಚಿಸುವ ಆದೇಶ ತಂದರು. ಆಳುಗಳು ಬರುವುದು ತಡವಾದಾಗ ತಾವೇ ಸೆರಗು ಸಿಕ್ಕಿಸಿ ಮಣ್ಣೆಳೆದರಂತೆ. ಅಜ್ಜಿ ಆ ವರ್ಷ ತಡವಾಗಿಯಾದರೂ ರಾಗಿ ಬಿತ್ತಿದರು.

ಅಷ್ಟಕ್ಕೇ ಮುಗಿಯಬಹುದಿತ್ತು. ಕಚೇರಿಯ ಸಾಹೇಬರು ಮೇಡಂ ಅವರನ್ನು ಒಳಗೆ ಕರೆದು, "ಉಪಗ್ರಹದ ಚಿತ್ರ ಸ್ಪಷ್ಟ ಇರಲಿಲ್ಲ ಅಂತ ಒಂದು ಸಾಲು ಬರೀರಿ. ಯಾರಿಗೂ ತೊಂದರೆ ಆಗಲ್ಲ" ಎಂದರು. ನಾನು ಕಡತ ಹಿಡಿದು ಬಾಗಿಲ ಹತ್ತಿರವೇ ಇದ್ದೆ.

"ಚಿತ್ರ ಸರಿಯಾಗೇ ಇದೆ ಸರ್" ಎಂದರು ಮೇಡಂ. "ಬೇಸಿಗೇಲಿ ಕುಯ್ದ ಹೊಲವೂ ಪಾಳೂ ಮೇಲಿಂದ ಒಂದೇ ಥರ ಕಾಣುತ್ತೆ. ಅದಕ್ಕೇ ಅಲ್ವಾ ಹೋಗಿ ನೋಡೋದು? ನೋಡದೆ ರುಜು ಹಾಕಿದೋಳು ನಾನು."

"ರೀ, ನಿಮ್ಮ ಹೆಸರು ಬೆಂಗಳೂರಿಗೆ ಹೋಗಿದೆ, ಗೊತ್ತಿದೆ ತಾನೆ?"

"ಗೊತ್ತು ಸರ್."

ಹೊಸ ಉಪಗ್ರಹಗಳ ಚಿತ್ರ ಓದುವ ದೊಡ್ಡ ಕೇಂದ್ರವೊಂದಕ್ಕೆ ಅವರ ಆಯ್ಕೆ ಬಹುತೇಕ ಆಗಿಹೋಗಿತ್ತು. ಆ ಸುದ್ದಿ ಬಂದ ದಿನ, ಎಂದೂ ಇಲ್ಲದವರು, ಕಚೇರಿಯ ಮೆಟ್ಟಿಲಿಳಿಯುವಾಗ ಹಾಡು ಗುನುಗಿದ್ದರು. ಈಗ ಕೂತು, ತಪ್ಪು ತಮ್ಮದೆಂದು ತಮ್ಮ ಕೈಯಾರೆ ಬರೆದರು. ನಾನು ಬಾಯಿ ತೆರೆಯಬೇಕಿತ್ತು. ಕೆಲಸ ಹೋಗುತ್ತದೆಂಬ ಭಯದಲ್ಲಿ ಕಡತವನ್ನು ಎದೆಗೊತ್ತಿ ನಿಂತಿದ್ದೆ. ಬೆಂಗಳೂರಿಗೆ ಬೇರೆ ಯಾರೋ ಹೋದರು.

ಮೇಡಂ ನನಗೆ ಹೇಳಿದ್ದು ಒಂದೇ ಮಾತು: "ನಾಳೆ ನೀರಿನ ಬಾಟ್ಲಿ ತಗೊಂಡ್ ಬಾ. ಈ ವರ್ಷದ ಪಟ್ಟೀಲಿರೋ ಹಳ್ಳಿಗಳನ್ನೆಲ್ಲ ಮೊದಲಿಂದ ನೋಡೋಣ." ಹದಿನೆಂಟು ದಿನ ನಡೆದೆವು. ಉತ್ತ ಹೊಲವನ್ನೂ ಬಿಟ್ಟ ಹೊಲವನ್ನೂ ಹೆಂಟೆ ಒಡೆದು ಬೇರ್ಪಡಿಸುವುದು, ಯಾರನ್ನು ಏನು ಕೇಳಬೇಕು, ಯಾರ ಮಾತನ್ನು ಎಷ್ಟು ನಂಬಬೇಕು, ಎಲ್ಲ ಆ ದಿನಗಳಲ್ಲಿ ಕಲಿತೆ. ನನ್ನ ಟಿಕ್ಕಿನ ಸುದ್ದಿಯನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ಚಂದ್ರನ ಮೇಲೆ ನಮ್ಮ ನೌಕೆ ಇಳಿದ ಸಂಜೆ ನಾನು ಅರಸೀಕೆರೆಯ ಅವರ ಮನೆಯಲ್ಲಿದ್ದೆ. ಅಷ್ಟರಲ್ಲಿ ಅವರು ನಿವೃತ್ತರಾಗಿ, ಕಾಯಿಲೆ ಬಿದ್ದು, ತೀರಾ ಇಳಿದುಹೋಗಿದ್ದರು. ಟೀವಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಹಾಸಿಗೆಯಲ್ಲೇ ಎದ್ದು ಕೂತು ಅತ್ತರು. "ಹೋದ ಸಲ ಬಿದ್ದಿತ್ತಲ್ಲೇ! ಏನು ತಪ್ಪಾಯ್ತೋ ಅದನ್ನೆಲ್ಲ ಸರಿ ಮಾಡ್ಕೊಂಡು ಹೋಗವ್ರೆ" ಎಂದರು. ಕಚೇರಿಯ ಭಾಷೆ ಬಿಟ್ಟು ಅವರ ಬಾಯಿಂದ ಊರಿನ ಮಾತು ಬಂದದ್ದು ಅವತ್ತೇ.

ನನಗೆ ತಡೆಯಲಾಗಲಿಲ್ಲ. "ಮೇಡಂ, ಆ ಅಜ್ಜಿ ಹೊಲಕ್ಕೆ ನಾನು ಹೋಗೇ ಇರಲಿಲ್ಲ" ಎಂದೆ.

"ಗೊತ್ತು ಕಣೇ. ಆ ಬದುವಿನ ತುಂಬ ಉತ್ತರಾಣಿ. ಅಜ್ಜಿ ಜೊತೆ ಹೋದಾಗ ನನ್ನ ಸೀರೆಗೆಲ್ಲ ಮುತ್ತಿಕೊಳ್ತು. ನೀನು ಪಟ್ಟಿ ತಂದು ಕೊಟ್ಟ ದಿನ ನಿನ್ನ ಚೂಡಿದಾರದಲ್ಲಿ ಅದರ ಒಂದು ಮುಳ್ಳೂ ಇರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ತೆಗೀತಿದ್ರು. ನಡೆಯೋದು ಕಲಿಸೋಕೆ ಇನ್ಯಾರನ್ನ ಹುಡುಕಲಿ?" ಎಂದು ದಿಂಬಿಗೆ ಒರಗಿ, ಟೀವಿಯ ಸದ್ದು ಜಾಸ್ತಿ ಮಾಡಲು ಹೇಳಿದರು.

ಮರುವರ್ಷ ಯುಗಾದಿಗೆ ಮುಂಚೆ ಅವರು ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಕಚೇರಿಗೆ ಹೋಗಿ, ಆ ಏಳು ಜಾಗಗಳನ್ನು ನೋಡದೆ ಟಿಕ್ ಹಾಕಿದವಳು ನಾನು, ಮೇಡಂ ನನ್ನನ್ನು ನಂಬಿ ರುಜು ಹಾಕಿದರು ಎಂದು ಬರೆದು ಕೊಟ್ಟೆ. ಈಗಿನ ಸಾಹೇಬರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಎರಡು ಸಲ ಓದಿ, "ಇದು ಮುಚ್ಚಿದ ಕಡತ. ಅವರೂ ಇಲ್ಲ. ಈಗ ಯಾಕೆ ಮೇಡಂ ಇದು?" ಎಂದು ಕೇಳಿದರು.

"ಅದರಲ್ಲಿ ಅವರ ಹೆಸರಿದೆಯಲ್ಲ ಸರ್" ಎಂದೆ.

ಅವರು ಕಡತ ತರಿಸಿದರು. ಮೇಡಂ ಬರೆದ ಹಾಳೆಯ ಮೇಲೆ ನನ್ನ ಹಾಳೆಯನ್ನಿಟ್ಟು, ದಾರ ಪೋಣಿಸಿ ಕಟ್ಟುವವರೆಗೂ ನಾನು ಅಲ್ಲೇ ನಿಂತಿದ್ದೆ.