ಹೊಸ್ತಿಲಕ್ಕನ ಮುಚ್ಚಿದ ಬಾಗಿಲು

ಮಾಸ್ತರರ ತಲೆಯೆಲ್ಲ ನೆರೆತಿತ್ತು, ಬಲಗಿವಿಯ ಮೇಲಿನ ಎರಡು ಬೆರಳಗಲ ಜಾಗ ಮಾತ್ರ ಕಪ್ಪು. ಬಣ್ಣ ಹಚ್ಚುವಾಗ ಡಬ್ಬಿ ಖಾಲಿಯಾಗಿರಬೇಕು ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಅದು ಶಾಯಿ. ಚಿತ್ರ ಬರೆಯುವಾಗ ನಿಬ್ಬನ್ನು ಆಗಾಗ ಅಲ್ಲಿ ಒರೆಸಿಕೊಳ್ಳುವುದು ಅವರ ರೂಢಿ. “ಒರಸೂ ಅರಿವಿ ಹುಡುಕೂದ್ರಾಗ ನಗಿ ಆರಿ ಹೋಗ್ತದರಿ” ಎನ್ನುತ್ತಿದ್ದರು.

ಭಾಲ್ಕಿಯಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದು ನಿವೃತ್ತರಾದವರು. ಬೀದರಿನ ನಮ್ಮ ದಿನಪತ್ರಿಕೆಯ ಮೂರನೆಯ ಪುಟದಲ್ಲಿ ಬರುತ್ತಿದ್ದ ‘ಹೊಸ್ತಿಲಕ್ಕ’ ಎಂಬ ಮೂರು ಚೌಕದ ಚಿತ್ರಪಟ್ಟಿ ಅವರದು. ಹೊಸ್ತಿಲ ಮೇಲೆ ಕೂಡಬಾರದೆಂದು ಊರೆಲ್ಲ ಹೇಳಿದರೂ ಅಲ್ಲೇ ಕೂತು, ಹೋಗುವವರು ಬರುವವರನ್ನೆಲ್ಲ ಮಾತಾಡಿಸುವ ಒಬ್ಬ ಅಕ್ಕ, ಆಕೆಯ ಹತ್ತಿರ ದಿನಕ್ಕೊಂದು ತಕರಾರು ತರುವ ಒಬ್ಬ ತಮ್ಮ, ಇಷ್ಟೇ. ಜನ ನಿಧನವಾರ್ತೆಗಿಂತ ಮೊದಲು ಅದನ್ನು ಓದುತ್ತಿದ್ದರು. ನಮ್ಮ ಊರಲ್ಲಿ ಇದು ಸಣ್ಣ ಮಾತಲ್ಲ.

ಆ ಪುಟ ನೋಡಿಕೊಳ್ಳುವ ಉಪಸಂಪಾದಕ ನಾನು. ಶನಿವಾರ ಮಧ್ಯಾಹ್ನ ಅವರು ಬಸ್ಸಿಳಿದು ಬಂದು ವಾರದ ಪಟ್ಟಿಗಳನ್ನು ಮೇಜಿನ ಮೇಲಿಡುವ ತನಕ ನನಗೆ ಊಟ ಸೇರುತ್ತಿರಲಿಲ್ಲ. ಬಸ್ಸು ಕೆಟ್ಟರೆ? ಚೀಲ ಕಳೆದರೆ? “ಬಂದೆನಲ್ರಿ ಸಾಹೇಬ್ರ, ಇನ್ನ ಮುಂದಿನ ಶನಿವಾರದ ಫಿಕರ್ ಚಾಲೂ ಮಾಡ್ರಿ” ಎಂದು ಅವರು ನಗುತ್ತಿದ್ದರು. ನಾನು ಚಾಲೂ ಮಾಡುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಸಂಪಾದಕರು ನನ್ನನ್ನು ಕರೆದು, ಹೊಸ್ತಿಲಕ್ಕನ ಬಗ್ಗೆ ಓದುಗರಿಗೆ ಗೊತ್ತಿಲ್ಲದ ಸಂಗತಿಗಳನ್ನು ಬರೆದುಕೊಡು ಎಂದರು. ಬರೆದುಕೊಟ್ಟೆ. ಅಕ್ಕನ ಪಾದಗಳು ಯಾವಾಗಲೂ ಸೀರೆಯ ನೆರಿಗೆಯೊಳಗೇ ಇರುತ್ತಿದ್ದವು, ಏಕೆಂದರೆ ಮಾಸ್ತರರಿಗೆ ಕಾಲ್ಬೆರಳು ಬರೆಯಲು ಬರುತ್ತಿರಲಿಲ್ಲ. (“ಡ್ರಾಯಿಂಗ್ ಮಾಸ್ತರ್ ಅಂತ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ!”) ಮಾತುಗಳನ್ನು ಬಸ್ಸಿನಲ್ಲಿ ಕಂಡಕ್ಟರಿಗೆ ಓದಿ ತೋರಿಸುತ್ತಿದ್ದರು, ಆತ ನಗದಿದ್ದರೆ ಬೀದರ ಬರುವುದರೊಳಗೆ ಬದಲಾಯಿಸುತ್ತಿದ್ದರು, ಕೆಲವು ದಿನ ಅಕ್ಷರಗಳು ಕುಣಿದಂತೆ ಇರುತ್ತಿದ್ದುದು ಅದಕ್ಕೇ. ಇಂಥವು ಹತ್ತು. ಓದಿದವರು ಮೆಚ್ಚಿ ಫೋನು ಮಾಡಿದರು. ಹನ್ನೊಂದನೆಯದನ್ನು ನಾನು ಬರೆದಿರಲಿಲ್ಲ.

ಮಾಸ್ತರರು ಆಪರೇಷನ್ನಿಗೆಂದು ಬೀದರಿನ ಆಸ್ಪತ್ರೆಯಲ್ಲಿ ಮಲಗಿದ ವಾರ ನನ್ನ ಹತ್ತಿರವಿದ್ದ ಪಟ್ಟಿಗಳು ಮುಗಿದವು. ‘ಇಂದು ಹೊಸ್ತಿಲಕ್ಕ ಇಲ್ಲ’ ಎಂದು ಒಂದು ಸಾಲು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಜನ ಫೋನು ಮಾಡಿದರೆ? ಸಂಪಾದಕರು ಬೈದರೆ? ಹಳೆಯ ಪಟ್ಟಿಯೊಂದರಿಂದ ಚೀಲ ಹಿಡಿದು ಬರುವ ತಮ್ಮನನ್ನು ಮೊದಲೆರಡು ಚೌಕಕ್ಕೆ ಅಂಟಿಸಿದೆ. ಮೂರನೆಯದರಲ್ಲಿ ಅಕ್ಕ ಬೇಕಿತ್ತು. ನನಗೆ ಮನುಷ್ಯರನ್ನು ಬರೆಯಲು ಬರುವುದಿಲ್ಲ. ಬರುವುದು ಸ್ಕೇಲಿಟ್ಟು ಗೆರೆ ಎಳೆಯುವುದೊಂದೇ. ಹಾಗಾಗಿ ಒಂದು ಮುಚ್ಚಿದ ಬಾಗಿಲು ಬರೆದೆ, ಒಳಗಿನಿಂದ ಅಕ್ಕನ ದನಿ: “ತಮ್ಮ ಬಂದಾನಂದ್ರ ಮನ್ಯಾಗ ಯಾರೂ ಇಲ್ಲಂತ ಹೇಳ್ರಿ!”

ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನೂ ಸ್ವಲ್ಪ ಬೀಗಿದೆ, ಸುಳ್ಳೇಕೆ ಹೇಳಲಿ.

ಮರುದಿನ ಮಧ್ಯಾಹ್ನ ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಹೋದೆ. ಅವರ ಎದೆಯ ಮೇಲೆ ಪತ್ರಿಕೆ ಹರಡಿತ್ತು.

“ಬಾಗಿಲಾದ ಚಿತ್ರ ಛಂದ ತೆಗದೀರಿ. ಬಡಿಗ್ಯಾ ಸುದ್ದಾ ಇಷ್ಟ ಸೀದಾ ಮಾಡಂಗಿಲ್ಲ.”

“ಸರ್, ಬ್ಯಾರೆ ದಾರಿ ಇದ್ದಿಲ್ಲ...”

“ಇರಲಿರಿ. ಆದ್ರ ಇಷ್ಟ ವರ್ಷದಾಗ ನಾ ಆ ಬಾಗಿಲಾ ಒಂದ್ ದಿನಾನೂ ಹಾಕಿಲ್ಲ. ನೋಡೀರೇನು?”

ನೋಡಿರಲಿಲ್ಲ. ಸಾವಿರಾರು ಪಟ್ಟಿಗಳನ್ನು ಪುಟಕ್ಕೆ ಹಾಕಿದವನು ನಾನೇ. ಆಗಲೇ ಅವರು ಹೇಳಿದ್ದು: ಹೊಸ್ತಿಲಕ್ಕ ಕಲ್ಪನೆಯಲ್ಲ. ಔರಾದ ತಾಲ್ಲೂಕಿನ ಡಾಬಕಾದಲ್ಲಿರುವ ಅವರ ಸ್ವಂತ ಅಕ್ಕ. ತಾಯಿ ಹೋದ ಮೇಲೆ ಇವರನ್ನು ಬೆಳೆಸಿದವಳು, ತಮ್ಮ ಸಾಲಿಯಿಂದ ಬರುವ ತನಕ ಬಾಗಿಲು ತೆರೆದು ಹೊಸ್ತಿಲ ಮೇಲೆ ಕೂಡುತ್ತಿದ್ದವಳು. ದಿನಾ ಪತ್ರಿಕೆ ತರಿಸಿ, ಮೊದಲು ತಮ್ಮನ ಪಟ್ಟಿ ಓದುವವಳು. ಆಕೆಯ ಕಣ್ಣು ಮಂಜಾಗಿದ್ದಕ್ಕೇ ಇವರು ಅಕ್ಷರ ದಪ್ಪ ಬರೆಯುತ್ತಿದ್ದರು.

ಅಷ್ಟರಲ್ಲಿ ಆ ಅಕ್ಕನೇ ಬಂದರು. ತೆಳ್ಳಗಿನ ಮುದುಕಿ. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಮಡಚಿದ ಮೂರನೆಯ ಪುಟ. ಹಾಸಿಗೆಯ ಕಾಲ್ದೆಸೆಯಲ್ಲೇ ನಿಂತರು.

“ಎಂದ್ ಹಾಕೀನೋ ತಮ್ಮಾ ನಿನಗ ಬಾಗಿಲಾ? ಎಂದ್? ಊರ ಮಂದಿ ಎಲ್ಲಾ ನಗಲತಾರ, ನಿಮ್ಮ ತಮ್ಮ ನಿಮ್ಮನ್ನ ಹಿಂಗ ಬರದಾನಲ್ಲಾ ಅಂತ.”

ಮಾಸ್ತರರು ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯಲು ಅಷ್ಟು ಹೊತ್ತು ಸಾಕಿತ್ತು. ನಾನು ಬಾಳೆಹಣ್ಣು ನೋಡುತ್ತಿದ್ದೆ.

“ತಪ್ಪಾತು ಅಕ್ಕಾ. ಜ್ವರದಾಗ ತೆಗದೆ. ಏನ್ ತೆಗದೆ ನನಗೇ ತಿಳೀಲಿಲ್ಲ.”

ಆಕೆ ಗಂಟನ್ನು ಸ್ಟೂಲಿನ ಮೇಲಿಟ್ಟು ತಿರುಗಿ ನೋಡದೆ ಹೊರಟುಹೋದರು.

“ಸರ್, ಈಗೇ ಹೋಗಿ ಹೇಳ್ತೇನಿ” ಎಂದು ನಾನು ಎದ್ದೆ. ಅರ್ಧ ಎದ್ದೆ ಅನ್ನುವುದು ಸರಿ.

“ಕೂಡ್ರಿ. ಆಕಿ ನನಗಾದ್ರ ಮಾಫ್ ಮಾಡ್ತಾಳ. ನಿಮಗ ಬೈದ್ರ ನೀವು ವರ್ಷಗಟ್ಟಲೆ ಅದನ್ನೇ ಮೆಲಕ ಹಾಕ್ತೀರಿ. ಡಿಸ್ಚಾರ್ಜ್ ಆದ ಮ್ಯಾಲ ಹೋಗಿ ನಗಿಸಿ ಬರ್ತೇನಿ.”

ನಾನು ಕೂತೆ. ನನಗೆ ಹಗುರವೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ.

ಅವರು ಡಿಸ್ಚಾರ್ಜ್ ಆಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋದರು. ಆ ಮೂರು ದಿನ ಅಕ್ಕ ಆಸ್ಪತ್ರೆಗೆ ಬಂದಿರಲಿಲ್ಲ.

ಆ ಹತ್ತು ಸಂಗತಿಗಳು ಅಚ್ಚಾದ ವಾರವೇ ನಾನು ಔರಾದಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಡಾಬಕಾಕ್ಕೆ ಹೋದೆ. ದಾರಿಯುದ್ದಕ್ಕೂ ಬಸ್ಸು ಕೆಡಲಿ ಎಂದು ಬೇಡಿಕೊಂಡೆ. ನಾನು ಬೇಡಿಕೊಂಡರೆ ಯಾವ ಬಸ್ಸೂ ಕೆಡುವುದಿಲ್ಲ.

ಅಕ್ಕ ಮೊರದಲ್ಲಿ ಉದ್ದು ಹಸನು ಮಾಡುತ್ತಿದ್ದರು. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಆಕೆಯ ಕೈ ನಿಂತಿತು, ಅಷ್ಟೇ.

“ಜ್ವರದಾಗ ತೆಗದೆ ಅಂದ” ಎಂದರು. “ನಾ ಅವನ ಹಣಿ ಮುಟ್ಟಿ ಸುದ್ದಾ ನೋಡಲಿಲ್ಲ.”

“ಅಕ್ಕೋರೆ, ತಪ್ಪು ನಂದು...”

“ನಿಮ್ಮದೇ. ಅಲ್ಲಂತ ಯಾರಂದ್ರು? ಆದ್ರ ಹಣಿ ಮುಟ್ಟಬ್ಯಾಡಂತ ನೀವೇನ್ ಹೇಳಿದ್ದಿಲ್ಲಲ್ಲ.” ಮತ್ತೆ ಉದ್ದು ಆರಿಸತೊಡಗಿದರು. “ನನಗ ಹೇಳಿದ್ರಿ, ಚಲೋ ಆಯ್ತು. ಪೇಪರದಾಗೂ ಬರೀರಿ. ಆ ಹಾಕಿದ ಬಾಗಿಲಾ ಅವನ ಹೆಸರಿಲೆ ಇರಬಾರದು.”

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊಸ್ತಿಲಕ್ಕನನ್ನು ಕತ್ತರಿಸಿ ವಹಿಯಲ್ಲಿ ಅಂಟಿಸಿಟ್ಟುಕೊಂಡವರು ನಮ್ಮ ಓದುಗರಲ್ಲಿ ಬಹಳ ಜನ ಇದ್ದೀರಿ, ನನಗೆ ಗೊತ್ತು. ಬಾಗಿಲು ಮುಚ್ಚಿದ ಪಟ್ಟಿ ಅದರಲ್ಲಿ ಒಂದೇ ಇರುತ್ತದೆ. ದಯವಿಟ್ಟು ಅದನ್ನು ಕಿತ್ತು ತೆಗೆಯಿರಿ. ಉಳಿದವೆಲ್ಲ ಅವರವು.